ವಿಡಿಯೋ ಮುಗಿದ ಮೇಲಿನ ಒಂದು ಗಂಟೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಡಿಗ್ರಿ ಕಾಲೇಜಿಗೆ ಕೆಮಿಸ್ಟ್ರಿ ಮೇಡಂ ಆಗಿ ಸೇರಿದ ಮೊದಲ ಸೆಮಿಸ್ಟರಿಗೇ ಫ್ಲಿಪ್ಡ್ ಕ್ಲಾಸ್‌ರೂಮ್ ಮಾಡಬೇಕೆಂದು ಹೊರಟಿದ್ದೀಯ. ಮಕ್ಕಳು ಪಾಠವನ್ನು ಮನೆಯಲ್ಲೇ ವಿಡಿಯೋದಲ್ಲಿ ನೋಡಿಕೊಂಡು ಬರುವುದು, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವುದು, ಅದೇ ತಾನೇ. ಓದಿ ತುಂಬಾ ಖುಷಿಯಾಯಿತು. ಆದರೆ ನಿನ್ನ ಪತ್ರದ ಮುಕ್ಕಾಲು ಭಾಗ ವಿಡಿಯೋದ್ದೇ ಮಾತು. ಯಾವ ಮೈಕು ತಗೊಳ್ಳಲಿ, ಎಡಿಟಿಂಗ್ ಹೇಗೆ ಮಾಡಲಿ ಅಂತ. ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡ.

2007ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಅಂತ ಇಬ್ಬರು ಹೈಸ್ಕೂಲ್ ಮೇಷ್ಟ್ರು ಪಾಠ ರೆಕಾರ್ಡ್ ಮಾಡಲು ಶುರು ಮಾಡಿದರು. ಅವರೂ ಕೆಮಿಸ್ಟ್ರಿಯವರೇ. ಕ್ಲಾಸಿಗೆ ಬರಲಾಗದ ಮಕ್ಕಳಿಗೆಂದು ಮಾಡಿದ ವಿಡಿಯೋಗಳು ಅವು. ಆಮೇಲೆ ಅವರಿಗೆ ಅನ್ನಿಸಿದ್ದು ಇಷ್ಟೇ: ಮಕ್ಕಳಿಗೆ ಮೇಷ್ಟ್ರು ಪಕ್ಕದಲ್ಲಿ ಬೇಕಾಗುವುದು ಲೆಕ್ಕ ಮುಂದಕ್ಕೆ ಹೋಗದೆ ನಿಂತಾಗ, ನೋಟ್ಸ್ ಬರೆದುಕೊಳ್ಳುವಾಗ ಅಲ್ಲ. ನಿನಗೆ ಉಳಿಯುವ ಆ ಒಂದು ಗಂಟೆಯಲ್ಲಿ ಏನು ಮಾಡುತ್ತೀಯ ಅನ್ನುವುದೇ ಮುಖ್ಯ.

ವಿಡಿಯೋ ಹತ್ತು ನಿಮಿಷ ಸಾಕು. ಬಿಳಿ ಹಾಳೆಯ ಮೇಲೆ ಬರೆಯುತ್ತಾ ಫೋನಿನಲ್ಲೇ ತೆಗಿ. ಕನ್ನಡ ಬೆರೆಸಿ ಮಾತಾಡು. ಮನೆಯಲ್ಲಿ ಒಂದೇ ಫೋನಿದ್ದು ಅದೂ ಅಪ್ಪನ ಕೈಲಿರುವ ಮಕ್ಕಳು ನಿನ್ನ ಕ್ಲಾಸಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಅದೇ ಪಾಠವನ್ನು ಎರಡು ಪುಟದ ಜೆರಾಕ್ಸ್ ಮಾಡಿ ಕೊಡು.

ಕ್ಲಾಸಿನಲ್ಲಿ ಒಳ್ಳೆ ಪ್ರಶ್ನೆ ಬೇಕು. ಒಂದು ಹೇಳುತ್ತೇನೆ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿಸಿ ನೀರು ಮಾಡಿದರೆ ಮೊದಲು ಯಾವುದು ಖಾಲಿಯಾಗುತ್ತದೆ? ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಲ್ಲು. ಹೈಡ್ರೋಜನ್ ಅಂತ ಎಷ್ಟೋ ಕೈಗಳು ಏಳುತ್ತವೆ, ಹತ್ತು ಕಡಿಮೆ ಅಲ್ವಾ! ತಪ್ಪು ಅನ್ನಬೇಡ, ಸರಿ ಅಂತಲೂ ಅನ್ನಬೇಡ. ಬೇರೆ ಉತ್ತರ ಹೇಳಿದ ಪಕ್ಕದವರನ್ನು ಒಪ್ಪಿಸಿ ನೋಡಿ ಅನ್ನು. ತೂಕ ಬಿಟ್ಟು ಕಣಗಳ ಎಣಿಕೆಯಾದ ಮೋಲ್‌ನಲ್ಲಿ ನೋಡಿದರೆ ಹೈಡ್ರೋಜನ್ ಮೋಲಿಗೆ 2 ಗ್ರಾಂ, ಆಕ್ಸಿಜನ್ ಮೋಲಿಗೆ 32 ಗ್ರಾಂ, ಅಂದರೆ ಐದು ಮೋಲ್ ಹೈಡ್ರೋಜನ್, ಎರಡೇ ಮೋಲ್ ಆಕ್ಸಿಜನ್ ಅಂತ ಯಾರೋ ಒಬ್ಬರು ಲೆಕ್ಕ ಹಾಕುತ್ತಾರೆ. ಎರಡು ಮೋಲ್ ಆಕ್ಸಿಜನ್‌ಗೆ ನಾಲ್ಕು ಮೋಲ್ ಹೈಡ್ರೋಜನ್ ಸಾಕು, ಒಂದು ಮೋಲ್ ಉಳಿಯಿತು ಅಂತ ಇನ್ನೊಬ್ಬರು ಹೇಳುತ್ತಾರೆ. ಮತ್ತೆ ಕೈ ಎತ್ತಿಸು. ಮೊದಲು ಖಾಲಿಯಾಗುವುದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಅನ್ನುವ ಮಾತನ್ನು ನೀನು ಆಮೇಲೆ ಹೇಳಿದರೆ ಸಾಕು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಫಿಸಿಕ್ಸ್ ಪಾಠದಲ್ಲಿ 1990ರ ದಶಕದಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಈ ಜಗಳ ಕನ್ನಡದಲ್ಲೇ ನಡೆಯಲಿ. ಕನ್ನಡ ಮೀಡಿಯಮ್ಮಿನಿಂದ ಬಂದವರು ಬಾಯಿ ಬಿಡುವುದು ಆಗಲೇ.

ವಿಡಿಯೋ ನೋಡದೆ ಬಂದವರಿಗಾಗಿ ಇಡೀ ಪಾಠ ಮತ್ತೆ ಶುರು ಮಾಡಬೇಡ. ಹಾಗೆ ಒಂದೇ ಒಂದು ಸಲ ಮಾಡಿದರೂ ಮುಂದಿನ ವಾರದಿಂದ ಯಾರೂ ನೋಡಿಕೊಂಡು ಬರುವುದಿಲ್ಲ. ಹಿಂದಿನ ಬೆಂಚಲ್ಲಿ ಹತ್ತು ನಿಮಿಷ ಜೆರಾಕ್ಸ್ ಓದಿಕೊಂಡು ಬಂದು ಸೇರಿಕೊಳ್ಳಲಿ. ಗದರಿಸಬೇಡ. ಎಷ್ಟೋ ಮಕ್ಕಳು ಬೆಳಿಗ್ಗೆ ಕೆಲಸ ಮುಗಿಸಿ, ಬಸ್ಸಲ್ಲಿ ನಿಂತುಕೊಂಡೇ ಬಂದಿರುತ್ತಾರೆ.

ಇನ್ನೊಂದು ಮಾತು, ಇದನ್ನು ಮೊದಲೇ ತಿಳಿದುಕೊಂಡಿರು. 'ಮೇಡಂ ಪಾಠಾನೇ ಮಾಡಲ್ಲ' ಅಂತ ದೂರು ಬಂದೇ ಬರುತ್ತದೆ. ಹಾರ್ವರ್ಡ್ ಫಿಸಿಕ್ಸ್ ಕ್ಲಾಸುಗಳಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಬಂತು. ತಾವೇ ಕಷ್ಟಪಟ್ಟು ಬಿಡಿಸಿದವರು ಹೆಚ್ಚು ಕಲಿತಿದ್ದರು, ಆದರೆ ತಾವು ಕಲಿತದ್ದು ಕಡಿಮೆ ಅಂದುಕೊಂಡಿದ್ದರು. ಚೆಂದದ ಲೆಕ್ಚರ್ ಕೇಳಿದವರಿಗೆ ಎಲ್ಲಾ ಅರ್ಥವಾದ ಹಾಗೆ ಅನ್ನಿಸಿತ್ತು. ಇದನ್ನು ಮಕ್ಕಳಿಗೆ ಮೊದಲ ವಾರವೇ ಬಿಡಿಸಿ ಹೇಳು. ಎಚ್‌ಒಡಿ ಕೇಳಿದರೆ 2014ರ ಇನ್ನೊಂದು ಅಧ್ಯಯನ ತೋರಿಸು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು ಅದು. ಬರೀ ಲೆಕ್ಚರ್ ಕೇಳಿದವರು ಫೇಲಾಗುವುದು ಒಂದೂವರೆ ಪಟ್ಟು ಜಾಸ್ತಿ ಅಂತ ಅದರಲ್ಲಿ ಬಂತು.

ಎಲ್ಲಾ ಪಾಠವನ್ನೂ ತಿರುಗಿಸಲು ಹೋಗಬೇಡ, ಪೋರ್ಷನ್ ಮುಗಿಯುವುದಿಲ್ಲ. ಈ ಸಲ ಮೋಲ್ ಲೆಕ್ಕ, ಈಕ್ವಿಲಿಬ್ರಿಯಂ (ರಾಸಾಯನಿಕ ಸಮತೋಲನ) ಎರಡು ಸಾಕು. ಜೊತೆಗೆ ಲ್ಯಾಬಿಗೆ ಮುಂಚೆ ಬ್ಯೂರೆಟ್ (ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಅಳತೆಯ ಗಾಜಿನ ನಳಿಗೆ) ತುಂಬುವುದು, ಗುಳ್ಳೆ ತೆಗೆಯುವುದು, ರೀಡಿಂಗ್ ನೋಡುವುದು ಇಷ್ಟನ್ನು ಒಂದು ವಿಡಿಯೋ ಮಾಡಿ ಕಳಿಸು. ಬಣ್ಣ ಬದಲಾಗುವ ಎಂಡ್ ಪಾಯಿಂಟ್ ಹತ್ತಿರ ಬಂದಾಗ ನೀನು ಅವರ ಪಕ್ಕ ನಿಲ್ಲಬಹುದು.

ಈಕ್ವಿಲಿಬ್ರಿಯಂಗೆ ನಾಲ್ಕೈದು ಪ್ರಶ್ನೆ ಬರೆದು ಕಳಿಸು. ತಪ್ಪು ಉತ್ತರಗಳನ್ನು ಪುಸ್ತಕದಿಂದ ತೆಗೆಯಬೇಡ, ಮಕ್ಕಳ ಇಂಟರ್ನಲ್ಸ್ ಪೇಪರಿನಿಂದಲೇ ತೆಗಿ. ನಾನು ನೋಡಿ ತಿದ್ದಿ ಕೊಡುತ್ತೇನೆ.

ನಿನ್ನ ದೊಡ್ಡಮ್ಮ