ಹನುಮ ಎಲ್ಲರ ದೇವರು, ಆ ಗೆರೆ ಒಬ್ಬರದು

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಬಂದ ಮೇಲೆ ಚಿತ್ರಕಲೆಯಲ್ಲಿ ಸ್ವಂತಿಕೆಯೇ ಸತ್ತುಹೋಯಿತು, ಈಗ ಎಲ್ಲವೂ ಕಾಪಿ ಎಂದು ನಿಮ್ಮ ವಾಚಕರೊಬ್ಬರು ಬರೆದದ್ದನ್ನು ಓದಿದೆ. ನಾನು ಶಿವಮೊಗ್ಗದಲ್ಲಿ ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಅಂಟಿಸುವವನು. ಕಾಪಿಯ ವಿಷಯ ನಮಗೆ ತಿಳಿದಷ್ಟು ಗ್ಯಾಲರಿಗಳಿಗೆ ಹೋಗಿಬರುವವರಿಗೂ ತಿಳಿದಿರಲಿಕ್ಕಿಲ್ಲ. ಅದಕ್ಕೇ ಈ ಪತ್ರ.

ಕಾಪಿ ಕಂಪ್ಯೂಟರಿನಿಂದ ಶುರುವಾದದ್ದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ದೇವರ ಚಿತ್ರಗಳನ್ನು ಅಚ್ಚು ಹಾಕಿಸಿದ ಮೇಲೆ, ಆ ಲಕ್ಷ್ಮಿ, ಆ ಸರಸ್ವತಿ ಕ್ಯಾಲೆಂಡರು, ಬೆಂಕಿಪೊಟ್ಟಣ, ಊದುಬತ್ತಿ ಪ್ಯಾಕೆಟ್ಟುಗಳ ಮೇಲೆಲ್ಲ ಬಂದು ಕೂತರು. ಬೋರ್ಡ್ ಬರೆಯುವ ಪೇಂಟರುಗಳು ಕ್ಯಾಲೆಂಡರಿನ ಮೇಲೆ ಚೌಕ ಹಾಕಿಕೊಂಡು ಅದೇ ಲಕ್ಷ್ಮಿಯನ್ನು ಅಂಗಡಿ ಬಾಗಿಲಷ್ಟು ದೊಡ್ಡದಾಗಿ ಬರೆದರು. ರವಿವರ್ಮನೂ ಎಣ್ಣೆಬಣ್ಣದ ರೀತಿಯನ್ನು ಯುರೋಪಿನವರಿಂದ ಕಲಿತವನೇ. ಹಿಂದಿನವರ ಕೈ ನೋಡದೆ ಯಾರ ಕೈಯೂ ತಿರುಗುವುದಿಲ್ಲ. ನನ್ನ ತಕರಾರು ಕಾಪಿಯ ಮೇಲಲ್ಲ, ಬರೆದವನ ಹೆಸರನ್ನೂ ಅವನ ಪಾಲನ್ನೂ ನುಂಗುವುದರ ಮೇಲೆ.

ರಸ್ತೆಗೆ ಬಂದರೆ ಹತ್ತು ಕಾರಿಗೊಂದರ ಹಿಂಗಾಜಿನಲ್ಲಿ ಕೇಸರಿ-ಕಪ್ಪು ಹನುಮಂತನ ಮುಖ ಕಾಣಿಸುವ ಕಾಲವೊಂದಿತ್ತು. ಈಗಲೂ ಕಡಿಮೆಯೇನಿಲ್ಲ. ಅದನ್ನು ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಗೆಳೆಯರು ಗಣೇಶ ಹಬ್ಬಕ್ಕೊಂದು ಬಾವುಟದ ಚಿತ್ರ ಬೇಕೆಂದಾಗ ಬರೆದುಕೊಟ್ಟದ್ದು. ಅಲ್ಲಿಂದ ವಾಟ್ಸ್‌ಆ್ಯಪ್ ಡಿಪಿಗೆ, ಡಿಪಿಯಿಂದ ನಮ್ಮಂಥವರ ಅಂಗಡಿಗೆ, ಅಂಗಡಿಯಿಂದ ದೇಶದ ಗಾಡಿಗಳಿಗೆ ಹೋಯಿತು. 2018ರ ಮೇ ತಿಂಗಳಲ್ಲಿ ಪ್ರಧಾನಿಯವರೇ ಮಂಗಳೂರಿನ ಸಭೆಯಲ್ಲಿ ಅವರ ಹೆಸರು ಹೇಳಿ ಹೊಗಳಿದರು. ಇಷ್ಟಾದರೂ ನಾನು ಕಂಡ ಒಂದು ಸ್ಟಿಕ್ಕರಿನ ಮೂಲೆಯಲ್ಲೂ ಅವರ ಹೆಸರಿರಲಿಲ್ಲ.

ಕಾಪಿಯಾದ ಚಿತ್ರ ನನ್ನ ಮೇಜಿಗೆ ಬಂದಾಗ ಅದು ಎಷ್ಟು ಕೈ ದಾಟಿ ಬಂದಿದೆ ಎಂದು ಹುಬ್ಬು ನೋಡಿದರೆ ಗೊತ್ತಾಗುತ್ತದೆ. ಮಸುಕಾದ ಫೋಟೊವನ್ನು ಕೋರೆಲ್‌ಡ್ರಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ಹಾಕಿ, ಗೆರೆಗಳನ್ನು ಅದೇ ಹುಡುಕಿಕೊಳ್ಳಲಿ ಎಂದು ಆಟೊ ಟ್ರೇಸ್ ಕೊಟ್ಟರೆ, ಒಂದೇ ಎಳೆತದಲ್ಲಿ ಬರಬೇಕಾದ ಗೆರೆಗೆ ನೂರೆಂಟು ನೋಡ್, ಅಂದರೆ ಗಂಟು, ಬೀಳುತ್ತವೆ. ಸ್ಟಿಕ್ಕರ್ ಕತ್ತರಿಸುವ ಯಂತ್ರವಾದ ಪ್ಲಾಟರಿನ ಬ್ಲೇಡು ಒಂದೊಂದು ನೋಡಿನಲ್ಲೂ ತಡವರಿಸಿ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಬೇಡದ ವಿನೈಲನ್ನು, ಅಂದರೆ ಸ್ಟಿಕ್ಕರ್ ಹಾಳೆಯನ್ನು, ಚಿಮಟಿಗೆಯಲ್ಲಿ ಕಿತ್ತರೆ ಚೂಪಾದ ಹುಬ್ಬಿನ ತುದಿಯೂ ಅದರ ಜೊತೆ ಎದ್ದು ಬರುತ್ತದೆ. ಅದನ್ನು ನೋಡಿ ಇನ್ನೊಬ್ಬ ಕತ್ತರಿಸಿದಾಗ ಮೂಗು ಮೊಂಡಾಗಿರುತ್ತದೆ, ಗಂಟಿಕ್ಕಿದ ಎರಡು ಹುಬ್ಬೂ ಕೂಡಿಕೊಂಡಿರುತ್ತವೆ. ಕರಣ್ ಆಚಾರ್ಯರು ತಾನು ಬರೆದದ್ದು ಸಿಟ್ಟಿನ ಹನುಮನಲ್ಲ, ಗತ್ತಿನ ಹನುಮ ಎಂದು ಪತ್ರಿಕೆಗಳಿಗೆ ಹೇಳಿದ್ದರು. ಅವರ ಮೂಲ ಚಿತ್ರ ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಕಾಪಿಯಿಂದ ಕಾಪಿಗೆ ಹೋದಂತೆ ಗತ್ತು ಸವೆದು ಸಿಟ್ಟೊಂದೇ ಉಳಿಯಿತು. ಆಮೇಲೆ ಟಿವಿಯಲ್ಲಿ ಆ ಚಿತ್ರವನ್ನು ಮೆಚ್ಚಿದವರೂ ವಿರೋಧಿಸಿದವರೂ ಆ ಸಿಟ್ಟಿನ ಮೇಲೇ ಚರ್ಚೆ ಮಾಡಿದರು.

ಇದನ್ನು ಹೇಳಿದರೆ ಸಿಗುವ ಉತ್ತರ ಒಂದೇ: “ಹನುಮಂತ ಎಲ್ಲರ ದೇವರು, ಅವನಿಗೇನು ಕಾಪಿರೈಟು?” ನಿಜ, ಹನುಮಂತನಿಗಿಲ್ಲ. ಆ ಮುಖವನ್ನು ಹಾಗೆ ಅರ್ಧ ನೆರಳಲ್ಲಿಟ್ಟು, ಎರಡೇ ಬಣ್ಣದಲ್ಲಿ ಮುಗಿಸಿದ ಕೈಗೆ ಇದೆ. ನಮ್ಮಲ್ಲಿಗೆ ಬರುವ ಕಾಲೇಜು ಹುಡುಗನೊಬ್ಬ ಬೀದಿಯ ಗಣಪತಿ ಸಂಘಕ್ಕೆ ಹುಲಿವೇಷದ ಲೋಗೊ ಮಾಡಿಕೊಟ್ಟು ₹1,500 ಕೇಳಿದ. “ದೇವರ ಕೆಲಸಕ್ಕೆ ದುಡ್ಡು ಕೇಳ್ತೀಯೇನೋ?” ಎಂದರು. ಶಾಮಿಯಾನದವನು, ಮೈಕ್‌ಸೆಟ್ಟಿನವನು, ಡೊಳ್ಳಿನವರು, ಬ್ಯಾನರ್ ಪ್ರಿಂಟಿನವನು ಎಲ್ಲರೂ ಅದೇ ದೇವರ ಕೆಲಸಕ್ಕೆ ದುಡ್ಡು ಎಣಿಸಿಕೊಂಡೇ ಹೋದರು. ಮುಂದಿನ ವರ್ಷ ಅದೇ ಹುಲಿ ಬೇರೆ ಊರಿನ ಟೀಶರ್ಟಿನ ಮೇಲೆ, ಬಾಲ ಮಾತ್ರ ಆ ಕಡೆಯಿಂದ ಈ ಕಡೆಗೆ.

2021ರ ಅಕ್ಟೋಬರಿನಲ್ಲಿ ಪುನೀತ್ ಹೋದ ಮೇಲೆ ತಿಂಗಳುಗಟ್ಟಲೆ ಎಲ್ಲ ಅಂಗಡಿಗಳಲ್ಲೂ ಕತ್ತರಿಸಿದ್ದು ಅದೇ ನಗುಮುಖ. ಆ ಫೋಟೊ ತೆಗೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಅಮೆರಿಕದಲ್ಲಾದರೆ ಕೇಳಿದರು. 2008ರ ಚುನಾವಣೆಯ ಹೊತ್ತಿಗೆ ಶೆಪರ್ಡ್ ಫೇರಿ ಎಂಬ ಕಲಾವಿದ ಮಾಡಿದ ಒಬಾಮಾ ‘ಹೋಪ್’ ಪೋಸ್ಟರ್, ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಗಾಗಿ ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದ ಫೋಟೊದ ಮೇಲೆ ನಿಂತಿತ್ತು. ಜಗಳ ಕೋರ್ಟಿಗೆ ಹೋದಾಗ ಫೇರಿ ಮೊದಲು ಬೇರೆ ಫೋಟೊ ಎಂದು ಸಾಧಿಸಿದರು, ಸಾಕ್ಷ್ಯ ತಿದ್ದಿದರು. 2011ರಲ್ಲಿ ಸುದ್ದಿಸಂಸ್ಥೆಯ ಜೊತೆ ರಾಜಿಯಾಗಿ ಪೋಸ್ಟರಿನ ಹಕ್ಕು ಹಂಚಿಕೊಳ್ಳಬೇಕಾಯಿತು. ಸಾಕ್ಷ್ಯದ ವಿಷಯಕ್ಕೆ 2012ರಲ್ಲಿ 25,000 ಡಾಲರ್ ದಂಡ ಬೇರೆ. ನನ್ನನ್ನು ಕೇಳಿದರೆ ಆ ಪೋಸ್ಟರ್ ಒಳ್ಳೆಯ ಕೆಲಸ. ಕೆಂಪು, ನೀಲಿ, ಕೆನೆ ಬಣ್ಣಗಳಿಗೆ ಮುಖವನ್ನು ಹಾಗೆ ಒಡೆಯಲು ತಲೆ ಬೇಕು. ಫೋಟೊ ಇಂಥವರದು ಎಂದು ಮೊದಲೇ ಹೇಳಿಬಿಟ್ಟಿದ್ದರೆ ಅದರ ತೂಕ ಏನೂ ಕಡಿಮೆಯಾಗುತ್ತಿರಲಿಲ್ಲ.

ಇದೇ ‘ಎಲ್ಲರದು’ ಎಂಬ ಮಾತು ಜನಪದ ಕಲೆಗೆ ಇನ್ನೂ ಸಲೀಸಾಗಿ ಬೀಳುತ್ತದೆ. ನಮ್ಮ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಬರೆಯುತ್ತಾರೆ. ಹೋಮ್‌ಸ್ಟೇಯವರು ನಮ್ಮಲ್ಲಿಗೆ ಬಂದು “ಗೋಡೆಗೆ ಹಸೆ ಚಿತ್ತಾರದ ಸ್ಟಿಕ್ಕರ್ ಬೇಕು” ಎನ್ನುತ್ತಾರೆ. ಡಿಸೈನರ್ ಕಳಿಸಿದ ಫೈಲ್ ತೆರೆದರೆ ಸುರುಳಿಯಾಗಿ ಕುಣಿಯುವ ತ್ರಿಕೋನದ ಮನುಷ್ಯರು. ಅದು ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನವರ ಚಿತ್ರಕಲೆ! ಒಂದು ಕಲೆಯನ್ನು ಕೇಳದೆ ತೆಗೆದುಕೊಂಡು, ಇನ್ನೊಂದರ ಹೆಸರಿಟ್ಟು, ಎರಡಕ್ಕೂ ಕಾಸು ಕೊಡದ ಈ ಜಾಣತನಕ್ಕೆ ಏನೆನ್ನೋಣ. ಚಿತ್ತಾರ ಬರೆಯುವ ಅಕ್ಕನೊಬ್ಬರನ್ನು ಕರೆಸಿ ಗೋಡೆ ತೋರಿಸಿ ಕೂಲಿ ಕೊಟ್ಟರೆ ಆಗುವ ಕೆಲಸ ಅದು. ನನಗೆ ಒಂದು ಸ್ಟಿಕ್ಕರ್ ಆರ್ಡರ್ ತಪ್ಪುತ್ತದೆ, ತಪ್ಪಲಿ.

ಕಾನೂನು ಇಲ್ಲವೆಂದಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಚಿತ್ರ ಬರೆದವನದು. ಅವನು ತೀರಿಕೊಂಡ ಮೇಲೂ 60 ವರ್ಷ ಹಕ್ಕಿರುತ್ತದೆ. ಹಕ್ಕು ಮಾರಿದ ಮೇಲೂ ‘ಇದು ನನ್ನ ಕೃತಿ’ ಎನ್ನುವ ಅಧಿಕಾರವನ್ನು 57ನೇ ಕಲಂ ಉಳಿಸಿಕೊಡುತ್ತದೆ. ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಶುಲ್ಕ ₹500, ಸರಕಿಗೆ ಬಳಸುವ ಚಿತ್ರವಾದರೆ ₹2,000 ಮತ್ತು ಟ್ರೇಡ್‌ಮಾರ್ಕ್ ಕಚೇರಿಯದೊಂದು ಪ್ರಮಾಣಪತ್ರ. ಇನ್ನೊಂದು ಕೊಕ್ಕೆಯೂ ಇದೆ: ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಹಕ್ಕುದಾರನೋ ಅವನ ಒಪ್ಪಿಗೆ ಪಡೆದವರೋ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ಸರಕಿಗೆ ಬಳಸಿದರೆ ಅದರ ಹಕ್ಕುಸ್ವಾಮ್ಯವೇ ಮುಗಿಯುತ್ತದೆ. ₹1,500 ಸಿಗದ ಹುಡುಗ ಇದನ್ನೆಲ್ಲ ಯಾವ ವಕೀಲರ ಹತ್ತಿರ ಕೇಳಿ ತಿಳಿಯಬೇಕು?

ಲಲಿತಕಲಾ ಅಕಾಡೆಮಿಯವರು ಶಿಬಿರ, ಪ್ರದರ್ಶನಗಳ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಕರಾರುಪತ್ರದ ಮಾದರಿ ಅಚ್ಚು ಹಾಕಿಸಿ ಡಿಟಿಪಿ ಅಂಗಡಿಗಳಿಗೆ ಹಂಚಲಿ. ಚಿತ್ರ ಯಾರದು, ಯಾವುದಕ್ಕೆ ಬಳಸಬಹುದು, ಎಷ್ಟು ಕೊಟ್ಟರು ಎಂಬ ಮೂರು ಸಾಲಿದ್ದರೂ ಸಾಕು. ಗಣಪತಿ ಸಂಘದವರು ಖರ್ಚಿನ ಪಟ್ಟಿಯಲ್ಲಿ ಶಾಮಿಯಾನದ ಕೆಳಗೆ ಚಿತ್ರದವನಿಗೂ ಒಂದು ಸಾಲು ಬಿಡಲಿ. ಬಾವುಟದ ಮೂಲೆಯಲ್ಲಿ ಅವನ ಹೆಸರು ಹಾಕಿಸಲಿ. ಹೆಸರು ಅಷ್ಟು ಚಿಕ್ಕದಾಗಿ ಬರುವುದಿಲ್ಲ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಹತ್ತು ಮಿಲಿಮೀಟರ್ ಎತ್ತರದ ಕನ್ನಡ ಅಕ್ಷರವನ್ನು ನಮ್ಮ ಯಂತ್ರಗಳು ಚೆನ್ನಾಗಿಯೇ ಕತ್ತರಿಸುತ್ತವೆ. ಒತ್ತಕ್ಷರವಿದ್ದರೆ ಇನ್ನೆರಡು ಮಿಲಿಮೀಟರ್ ಬೇಕಾದೀತು, ಅಷ್ಟೇ.

ಇತಿ,
ಒಬ್ಬ ಸ್ಟಿಕ್ಕರ್ ಅಂಗಡಿಯವನು, ಶಿವಮೊಗ್ಗ