ಸಿಇಟಿ ತಯಾರಿ ಒಂಬತ್ತನೇ ಕ್ಲಾಸಲ್ಲೇ ಶುರುವಾಗಲಿ, ನಮ್ಮೂರ ಹೈಸ್ಕೂಲಲ್ಲೇ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದರೆ ಸಾಕು, ನಮ್ಮ ಕೊಡಗಿನ ಸಿದ್ದಾಪುರ ಕಡೆ ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು, "ಮಗೂನ ಮೈಸೂರಿಗೆ ಹಾಕ್ತೀರಾ, ಮಂಗಳೂರಿಗಾ?" ಮಗು ಏನು ಓದಬೇಕು ಅಂತಿದೆ ಅಂತ ಯಾರೂ ಕೇಳಲ್ಲ. ಎರಡು ಎಕರೆ ಕಾಫಿ ತೋಟ ಇರುವವರೂ ಒಡವೆ ಅಡವಿಟ್ಟು ಹಾಸ್ಟೆಲಿಗೆ, ಕೋಚಿಂಗಿಗೆ ಲಕ್ಷಗಟ್ಟಲೆ ಕಟ್ಟುತ್ತಿದ್ದಾರೆ. ಕಳಿಸುವವರನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಮಗಳು ಇಲ್ಲೇ ಓದಿ 2024ರಲ್ಲಿ ಸಿಇಟಿ, ಅಂದರೆ ಪಿಯುಸಿ ಆದಮೇಲೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ಪರೀಕ್ಷೆ, ಬರೆದಳು, ಮಗ ಈಗ ಒಂಬತ್ತನೇ ಕ್ಲಾಸು. ಮಗಳ ಹಿಂದೆ ಓಡಾಡಿ ನನಗೆ ಗೊತ್ತಾದದ್ದು ಏನಂದ್ರೆ, ನಮ್ಮ ಮಕ್ಕಳು ಹಿಂದೆ ಬೀಳುವುದು ಪಿಯುಸಿಯಲ್ಲಿ ಅಲ್ಲ. ಅದಕ್ಕೂ ಮೊದಲೇ, ಹೈಸ್ಕೂಲಲ್ಲಿ, ಯಾರ ಗಮನಕ್ಕೂ ಬಾರದೆ.

ನಮ್ಮ ಮನೆಯಲ್ಲಿ ಮಾತು ಕೊಡವ ತಕ್ಕ್. ಪಕ್ಕದ ಮನೆಯಲ್ಲಿ ಮಲಯಾಳಂ. ಮಗಳ ಕ್ಲಾಸಲ್ಲಿ ಅರೆಭಾಷೆಯವರು, ತುಳುವಿನವರು, ಯರವ ಮಕ್ಕಳು ಎಲ್ಲ ಇದ್ದರು. ಇವರೆಲ್ಲ ಶಾಲೆಗೆ ಬಂದು ಕನ್ನಡದಲ್ಲಿ ವಿಜ್ಞಾನ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ಆಮೇಲೆ ಒಂದೇ ಸಲಕ್ಕೆ ಪಿಯುಸಿ ಸೈನ್ಸು, ಎಲ್ಲ ಇಂಗ್ಲಿಷಿನಲ್ಲಿ. ಹತ್ತನೇ ಕ್ಲಾಸಲ್ಲಿ "ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು" ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಮಗಳು, ಮೊದಲ ವಾರ ಲೆಕ್ಚರರ್ "ಬೇಸ್, ಬೇಸ್" ಅಂದದ್ದು ಯಾವುದರ ಬಗ್ಗೆ ಅಂತಲೇ ತಿಳಿಯದೆ ಕೂತಿದ್ದಳು. ಪ್ರತ್ಯಾಮ್ಲಕ್ಕೇ ಬೇಸ್ ಅನ್ನುತ್ತಾರೆ ಅಂತ ಗೊತ್ತಾದ ದಿನ ಮನೆಗೆ ಬಂದು "ಅವ್ವ, ಇದು ನಂಗೆ ಬರ್ತಿತ್ತು" ಅಂತ ಅತ್ತುಬಿಟ್ಟಳು.

ಅವತ್ತೇ ಒಂದು 200 ಪೇಜಿನ ನೋಟ್‌ಬುಕ್ ತಗೊಂಡು, ಸ್ಕೇಲಿಟ್ಟು ನಡುವೆ ಗೆರೆ ಎಳೆದಳು. ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ. ವೇಗೋತ್ಕರ್ಷ, ಆಕ್ಸಲರೇಷನ್. ಸಂವೇಗ, ಮೊಮೆಂಟಮ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಆ ಪುಸ್ತಕ ಈಗಲೂ ನನ್ನ ಹತ್ರ ಇದೆ. ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಅಲ್ಲಲ್ಲಿ ಇಂಕು ಹರಡಿದೆ, ಒಲೆ ಪಕ್ಕ ಒಣಗಿಸಿದ್ದಕ್ಕೆ ಮೂಲೆ ಕಂದಿದೆ. ಮೊದಲ ಆರು ತಿಂಗಳು ಅವಳು ಓದಿದ್ದಕ್ಕಿಂತ ಜಾಸ್ತಿ ಈ ಪದಗಳನ್ನೇ ಹುಡುಕಿದಳು. ಇದೇ ಕೆಲಸವನ್ನು ಒಂಬತ್ತನೇ ಕ್ಲಾಸಲ್ಲಿ ದಿನಕ್ಕೆ ಐದು ಪದದಂತೆ ಮಾಡಿಸಿದ್ದರೆ ಆ ಆರು ತಿಂಗಳು ಉಳಿಯುತ್ತಿತ್ತು, ಅಲ್ವಾ? ಇದಕ್ಕೆ ಬೇರೆ ಮೇಷ್ಟ್ರೂ ಬೇಡ, ದುಡ್ಡೂ ಬೇಡ. ಪಾಠ ಮುಗಿದ ಮೇಲೆ ಬೋರ್ಡಿನ ಒಂದು ಮೂಲೆಯಲ್ಲಿ ಬರೆದರೆ ಆಯಿತು.

ಇನ್ನು ಮಳೆಯ ವಿಷಯ. ಬೇರೆ ಜಿಲ್ಲೆಯವರಿಗೆ ಹೇಳಿದರೆ ಅರ್ಥ ಆಗಲ್ಲ. ಜೂನ್ ಕೊನೆಗೆ ಮಳೆ ಹಿಡಿದರೆ ಆಗಸ್ಟ್ ತನಕ ಯಾವಾಗ ರಜೆ, ಯಾವಾಗ ಶಾಲೆ ಹೇಳಲಿಕ್ಕಾಗಲ್ಲ. ಮರ ಬಿದ್ದು ಲೈನ್ ಹೋದರೆ ಎಷ್ಟೋ ದಿನ ಕರೆಂಟ್ ಇಲ್ಲ, ಅದರ ಹಿಂದೆಯೇ ಟವರ್ ಹೋಗುತ್ತೆ, ಫೋನ್ ಸುಮ್ನೆ ಡಬ್ಬಿ. 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯ ಕಡೆ ಕಾವೇರಿ ಮನೆಗಳಿಗೇ ನುಗ್ಗಿದಾಗ ಮಗಳು ಎಂಟನೇ ಕ್ಲಾಸು. ಮುಂದಿನ ವರ್ಷ ಕೊರೋನ, ನೆಟ್‌ವರ್ಕ್ ಸಿಗಲಿ ಅಂತ ತೋಟದ ಮೇಲಿನ ಬಂಡೆ ಹತ್ತಿ ಕೊಡೆ ಹಿಡಿದು ಕೂರುತ್ತಿದ್ದಳು. ಕೊರೋನ ಹೋಯಿತು, ಮಳೆ ಪ್ರತಿ ವರ್ಷ ಬರುತ್ತೆ. "ವಿಡಿಯೋ ನೋಡಿ ಕಲೀರಿ" ಅಂತ ಹೇಳುವವರು ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಮನೆಗೆ ಬಂದು ನೋಡಬೇಕು. ನಮ್ಮ ಮಕ್ಕಳಿಗೆ ಬೇಕಾದ್ದು ಕಾಗದ. ಪ್ರಿಂಟ್ ಹಾಕಿದ ಹಳೇ ಪ್ರಶ್ನೆಪತ್ರಿಕೆ, ಜೊತೆಗೆ ಉತ್ತರ. ಮಳೆ ರಜೆ ಶುರುವಾಗುವ ಮೊದಲೇ ಕೈಗೆ ಕೊಟ್ಟುಬಿಟ್ಟರೆ ಎಮರ್ಜೆನ್ಸಿ ಲೈಟಲ್ಲಾದರೂ ಕೂತು ಮಾಡುತ್ತಾರೆ.

ಸಂಜೆ ಟ್ಯೂಷನ್ ಅನ್ನುವುದೂ ನಮ್ಮ ಕಡೆ ನಡೆಯುವ ಮಾತಲ್ಲ. ತೋಟದ ರಸ್ತೆಯಲ್ಲಿ ಆನೆ ನಿಂತಿರುತ್ತೆ. ಆರು ಗಂಟೆ ಮೇಲೆ ಹೆಣ್ಣುಮಕ್ಕಳನ್ನಿರಲಿ, ಗಂಡಸರೇ ಒಬ್ಬರೇ ನಡೆದು ಬರಲ್ಲ. ಏನು ಮಾಡಿದರೂ ಶಾಲೆಯ ಹೊತ್ತಿನಲ್ಲೇ ಆಗಬೇಕು.

ಪರೀಕ್ಷೆ ಹೇಗಿರುತ್ತೆ ಅಂತಲಾದರೂ ಮಕ್ಕಳಿಗೆ ಮೊದಲೇ ತಿಳಿಸಬಹುದಲ್ವಾ? ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಡಾಕ್ಟರ್ ಓದಲು ಬರೆಯುವ ನೀಟ್ ಹಾಗಲ್ಲ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಹೋಗುತ್ತೆ. ಈ ಎರಡರ ವ್ಯತ್ಯಾಸ ನನಗೆ ಗೊತ್ತಾದದ್ದೇ ಮಗಳು ಸೆಕೆಂಡ್ ಪಿಯುಸಿಗೆ ಬಂದ ಮೇಲೆ. ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಅನ್ನುವುದೂ ಆಗಲೇ ತಿಳಿದದ್ದು. ಅಂದರೆ ಕಾಲೇಜಿನ ಪಾಠ ಬಿಟ್ಟು ಬರೀ ಕೋಚಿಂಗ್ ಹಿಂದೆ ಓಡಿದರೆ ಅರ್ಧ ಕಳಕೊಂಡ ಹಾಗೆ. ಮಗಳು ಉತ್ತರ ಗುರುತು ಮಾಡುವ ಓಎಂಆರ್ ಹಾಳೆಯನ್ನು ಕಣ್ಣಲ್ಲಿ ಕಂಡದ್ದು ಪರೀಕ್ಷೆಗೆ ಎರಡು ತಿಂಗಳು ಇರುವಾಗ. ಬಾಲ್‌ಪೆನ್ನಲ್ಲಿ ಗೋಲ ತುಂಬುವುದು, ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪುವುದು, ಇದೆಲ್ಲ ಕೈಗೆ ಅಭ್ಯಾಸ ಆಗಬೇಕಾದ ಕೆಲಸ. ಅವಳ ವರ್ಷ ಸಿಲೆಬಸ್ಸಿನಲ್ಲಿ ಇಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ಗೊಂದಲದಲ್ಲಿ ಅಭ್ಯಾಸ ಇಲ್ಲದ ಮಕ್ಕಳು ಎಷ್ಟು ಹೆದರಿದರು ಅಂತ ನಾನೇ ನೋಡಿದ್ದೇನೆ.

ದಾಖಲೆಗಳ ಮಾತು ಹೇಳದೆ ಇರಲಾರೆ. ಹತ್ತನೇ ಕ್ಲಾಸಿನ ತನಕ ಹಳ್ಳಿಯಲ್ಲೇ ಓದಿದವರಿಗೆ ಸಿಇಟಿ ಸೀಟಿನಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಇದೆ. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನ ತನಕ ಓದಿದ ದಾಖಲೆ ಬೇಕು. ಮಗಳು ಓದಿದ ಪ್ರೈಮರಿ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು, ಅದರ ರಿಜಿಸ್ಟರ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಎರಡು ವಾರ ಹೋಯಿತು, ಅದೂ ಅವಳು ಓದಬೇಕಾದ ಹೊತ್ತಲ್ಲಿ. ಅದರ ಮೇಲೆ ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತೆ ನೋಡಿ, ಮಾರ್ಕ್ಸ್ ಕಾರ್ಡಲ್ಲಿ ಮನೆ ಹೆಸರು ಪೂರ್ತಿ, ಆಧಾರಲ್ಲಿ ಬರೀ ಇನಿಶಿಯಲ್. ಕೊಡಗಿನ ಎಷ್ಟೋ ಮನೆಗಳ ಕಥೆ ಇದು. ಹೈಸ್ಕೂಲಲ್ಲಿರುವಾಗಲೇ ಒಂದು ಸಲ ಕೂರಿಸಿ ಹೆಸರು ಸರಿ ಇದೆಯಾ ನೋಡಿಸಿದರೆ ಮುಗಿಯಿತು.

ಪಿಯುಸಿಯಲ್ಲಿ ಯಾವ ವಿಷಯ ತಗೊಂಡರೆ ಯಾವ ದಾರಿ ಅನ್ನುವುದೂ ಅಷ್ಟೇ. ಬಯಾಲಜಿ ಬಿಟ್ಟವರು ಆಮೇಲೆ ಅದನ್ನು ಬೇರೆಯಾಗಿ ಓದಿ ಪಾಸಾಗದೆ ನೀಟ್ ಬರೆಯುವ ಹಾಗಿಲ್ಲ. ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ, ಸಿಇಟಿ ಮೂಲಕ ಸೇರಬಹುದು. ಕಾಡಿನ ಅಂಚಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಹಾಗಾಗಿ ಶಿಕ್ಷಣ ಇಲಾಖೆಯವರಲ್ಲಿ, ಹೈಸ್ಕೂಲು ಮೇಷ್ಟ್ರುಗಳಲ್ಲಿ, ಶಾಲೆ ನೋಡಿಕೊಳ್ಳುವ ಎಸ್‌ಡಿಎಂಸಿ ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಒಂಬತ್ತು, ಹತ್ತನೇ ಕ್ಲಾಸಿನವರಿಗೆ ವಾರಕ್ಕೆ ಒಂದು ಪೀರಿಯಡ್ ಈ ತಯಾರಿಗೆ ಇಡಿ. ಶನಿವಾರ ಆದರೂ ಸರಿ, ಮಧ್ಯಾಹ್ನದ ಬಸ್ಸಿಗೆ ಮೊದಲು ಮುಗಿದರೆ ಸಾಕು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಮನೆಯಲ್ಲಿ ಮಕ್ಕಳ ಕೈಯೂ ಬೇಕಾಗುತ್ತೆ, ಅದಕ್ಕೆ ಮೊದಲೇ ಶುರು ಮಾಡಿ. ಪದಗಳ ಪುಸ್ತಕ ಯಾವ ಶಾಲೆಗಾದರೂ ಬೇಕಿದ್ದರೆ ಮಗಳ ನೋಟ್‌ಬುಕ್ಕನ್ನು ನಾನೇ ಜೆರಾಕ್ಸ್ ಮಾಡಿಸಿ ತಂದುಕೊಡುತ್ತೇನೆ.

— ಒಬ್ಬ ತಾಯಿ, ಸಿದ್ದಾಪುರ, ಕೊಡಗು