ಶಾಲೆ ಗೇಟು ತೆರೆದುಕೊಟ್ಟವರಿಗೆ ಥ್ಯಾಂಕ್ಸ್

ನಮ್ಮ ಸರ್ಕಾರಿ ಶಾಲೆಯ ಮೈದಾನವನ್ನು ಸಂಜೆ ಹೊತ್ತು, ಭಾನುವಾರ ಏರಿಯಾದವರಿಗೆಲ್ಲ ಬಿಟ್ಟುಕೊಟ್ಟು ಈ ತಿಂಗಳಿಗೆ ಒಂದು ವರ್ಷ ತುಂಬಿತು. ಕಾರಣರಾದವರಿಗೆ ಎಲ್ಲರ ಎದುರೇ ಥ್ಯಾಂಕ್ಸ್ ಹೇಳಬೇಕು.

ಹನುಮಂತನಗರದ ಈ ರಸ್ತೆಗಳಲ್ಲಿ ಮಕ್ಕಳು ಆಡೋದಾದರೂ ಎಲ್ಲಿ ಹೇಳಿ? ಎರಡೂ ಕಡೆ ಗಾಡಿಗಳು. ಪಾರ್ಕಿಗೆ ಹೋದರೆ ಬಾಲ್ ಆಡಬಾರದು ಅಂತ ಬೋರ್ಡು. ಶಾಲೆ ಅಂದಮೇಲೆ ಮೈದಾನ ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಮೈದಾನ ಶಾಲೆ ಬಿಟ್ಟ ಮೇಲೆ ಸುಮ್ನೆ ಖಾಲಿ ಬಿದ್ದಿರುತ್ತಿತ್ತು. ಹುಡುಗರು ಕಾಂಪೌಂಡ್ ಹಾರಿ ಒಳಗೆ ಹೋಗಿ ಬೈಸಿಕೊಂಡು ಬರುತ್ತಿದ್ದರು.

ಮೊದಲ ನಮಸ್ಕಾರ ಹೆಡ್‌ಮಿಸ್ ಮೇಡಂ ಅವರಿಗೆ. ಬೇಡ ಅಂದುಬಿಡೋದು ಅವರಿಗೆ ಸುಲಭವಿತ್ತು. ಕಿಟಕಿ ಗಾಜು ಒಡೆದರೆ, ನಲ್ಲಿ ಕಿತ್ತುಹೋದರೆ, ಯಾವುದೋ ಮಗು ಬಿದ್ದು ಕೈ ಮುರಿದುಕೊಂಡರೆ ಮೊದಲು ಕೇಳೋದು ಅವರನ್ನೇ ಅಲ್ವಾ? ಆದರೂ ಶಾಲೆ ನೋಡಿಕೊಳ್ಳುವ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅವರೇ ವಿಷಯ ಎತ್ತಿದರು. ಪರೀಕ್ಷೆ ದಿನ ಗೇಟು ತೆರೆಯುವುದಿಲ್ಲ, ಕ್ಲಾಸ್‌ರೂಮ್ ಕಡೆ ಯಾರೂ ಸುಳಿಯಬಾರದು, ಇಷ್ಟೇ ಅವರ ಷರತ್ತು.

ಪಿಟಿ ಮೇಷ್ಟ್ರು ತಮ್ಮ ಡ್ಯೂಟಿ ಮುಗಿದ ಮೇಲೂ ನಿಂತು ಸುಣ್ಣದ ಪುಡಿಯಲ್ಲಿ ಖೋಖೋ ಅಂಕಣ ಹಾಕಿಕೊಟ್ಟರು. ಥ್ರೋಬಾಲ್ ನೆಟ್ ಕಟ್ಟಿಕೊಟ್ಟವರೂ ಅವರೇ. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಆ ನೆಟ್. ನಮ್ಮ ಬೀದಿಯ ಅಕ್ಕ ಒಬ್ಬರು ಮದುವೆ ಆದಮೇಲೆ ಬಾಲ್ ಮುಟ್ಟಿರಲಿಲ್ಲವಂತೆ. ಮಗಳನ್ನು ಕರೆದುಕೊಂಡು ಹೋಗಲು ಬಂದವರು, ಒಂದು ಕೈ ನೋಡೋಣ ಅಂತ ಚಪ್ಪಲಿ ಗೋಡೆ ಪಕ್ಕ ಬಿಟ್ಟು, ಸೆರಗು ಸಿಕ್ಕಿಸಿ ನಿಂತರು. ಮೊದಲ ಸರ್ವೀಸ್ ನೆಟ್ಟಿಗೆ ಹೊಡೆಯಿತು. ಎರಡನೆಯದು ಎದುರಿನವರ ತಲೆ ಮೇಲಿಂದ ಸೀದಾ ಹಿಂದಿನ ಗೆರೆ ಹತ್ತಿರ ಬಿತ್ತು. ಈಗ ಅವರು ಬೀದಿಯ ಹುಡುಗಿಯರಿಗೆ ಆಟ ಹೇಳಿಕೊಡುತ್ತಾರೆ. ರಾತ್ರಿ ಅಡುಗೆಗೆ ಮುಂಚೆ ಒಂದಷ್ಟು ಹೊತ್ತು ಅದು ಹೆಂಗಸರದೇ ಅಂಗಳ.

ಆಯಾ ಅಮ್ಮನನ್ನು ಮರೆಯುವ ಹಾಗೇ ಇಲ್ಲ. ನಾವು ಹೊರಟ ಮೇಲೆ ಮೈದಾನ ಒಂದು ಸುತ್ತು ಹಾಕಿ ಬಿಸ್ಕೆಟ್ ಕವರು, ಮಕ್ಕಳು ಮರೆತ ಸ್ವೆಟರು ಎತ್ತಿಡುತ್ತಿದ್ದರು. ಬೆಳಗ್ಗೆ ಪ್ರಾರ್ಥನೆಗೆ ಮಕ್ಕಳು ನಿಲ್ಲೋ ಜಾಗ ಕಣಪ್ಪ, ಅನ್ನುತ್ತಿದ್ದರು. ಈಗ ಕೊನೆಗೆ ಆಡಿದ ತಂಡವೇ ಗುಡಿಸಿ ಹೋಗುತ್ತದೆ. ಗಲಾಟೆ ಸಹಿಸಿಕೊಂಡ ಅಕ್ಕಪಕ್ಕದ ಮನೆಯವರಿಗೂ ತುಂಬಾ ಥ್ಯಾಂಕ್ಸ್.

ಮಳೆ ಶುರುವಾಗುವ ಮೊದಲು ನಲ್ಲಿ ಹತ್ತಿರದ ಗುಂಡಿಗೆ ಮಣ್ಣು ತುಂಬಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಸೇರೋಣ. ಗುದ್ದಲಿ, ಬಾಣಲೆ ಇರುವವರು ದಯವಿಟ್ಟು ತನ್ನಿ.